ಬಿಸಿಲಿಗೆ ಕರ್ರಗಾದ ಮುಂಗೈ, ಮುಖಕ್ಕೆ ಮನೆಯಲ್ಲೇ ಏನು ಹಚ್ಚಬಹುದು? ನಿಂಬೆಹಣ್ಣು ಹಚ್ಚಿ ಉರಿ ಹತ್ತಿದೆ

ಸಿಂಧನೂರು ಸ್ಕೂಟಿ

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನವಳು, ವಯಸ್ಸು 26. ಮಹಿಳಾ ಸಂಘಗಳಿಂದ ಸಾಲದ ಕಂತು ತರುವ ಕೆಲಸ ನನ್ನದು. ಬೆಳಿಗ್ಗೆ 9ಕ್ಕೆ ಸ್ಕೂಟಿ ಹತ್ತಿದರೆ ನಾಲ್ಕೈದು ಹಳ್ಳಿ ಮುಗಿಸಿ ಮನೆ ಸೇರುವಾಗ 3 ಗಂಟೆ ದಾಟಿರುತ್ತದೆ. ಕಾಲುವೆ ದಂಡೆಯ ರಸ್ತೆಯಲ್ಲಿ ಒಂದು ಗಿಡದ ನೆರಳೂ ಸಿಗಲ್ಲ. ನಮ್ಮ ಕಡೆ ಏಪ್ರಿಲ್ ಬಿಸಿಲು ಹೇಗಿರುತ್ತೆ ಅಂತ ರಾಯಚೂರು, ಬಳ್ಳಾರಿ, ಕೊಪ್ಪಳದವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಕುರ್ತಾದ ತೋಳು ಮುಗಿಯುವ ಕಡೆ ಗೆರೆ ಎಳೆದ ಹಾಗೆ ಬಣ್ಣ ಬದಲಾಗಿದೆ. ಗಡಿಯಾರ ತೆಗೆದರೆ ಅದರ ಕೆಳಗೆ ತಿಳಿ ಬಣ್ಣದ ಪಟ್ಟಿ. ಕಾಲ ಮೇಲೆ ಚಪ್ಪಲಿ ಪಟ್ಟಿಯ ಗುರುತು. ಮುಖಕ್ಕೆ ಓಢಣಿ ಸುತ್ತಿಕೊಳ್ಳುತ್ತೇನೆ, ಹಾಗಾಗಿ ಹಣೆಯಿಂದ ಮೂಗಿನ ಅರ್ಧದವರೆಗೆ ಮಾತ್ರ ಕರ್ರಗಾಗಿದೆ, ಅದರ ಕೆಳಗೆ ಸರಿ ಇದೆ. ಓಢಣಿ ಬಿಚ್ಚಿದರೆ ಎರಡು ಮುಖ ಅಂಟಿಸಿದ ಹಾಗೆ ಕಾಣುತ್ತದೆ.

ಅಕ್ಕನ ಮದುವೆ ಮೇ ಕೊನೆಗೆ ಇದೆ, ಇನ್ನು 5 ವಾರ. ಮೊನ್ನೆ ದೊಡ್ಡಮ್ಮ ಬಂದವರು ಬಾಗಿಲಲ್ಲೇ ನಿಂತು "ಏನವ್ವಾ, ಇಷ್ಟು ಕರ್ರಗಾಗಿದ್ದಿ, ಹೊಲಕ್ಕೆ ಹೋಗುತ್ತೀಯಾ" ಅಂತ ಕೇಳಿದರು. ಮನಸ್ಸಿಗೆ ಬಂತು. ಅವತ್ತೇ ಮೊಬೈಲಲ್ಲಿ ಒಂದು ವಿಡಿಯೊ ನೋಡಿ ನಿಂಬೆಹಣ್ಣಿನ ಹೋಳಿಗೆ ಸಕ್ಕರೆ ಹಚ್ಚಿಕೊಂಡು ಕೈ, ಹಣೆ ಎಲ್ಲ ಗಸಗಸ ತಿಕ್ಕಿದೆ. ನಾಲ್ಕು ದಿನ ಹೀಗೇ ಮಾಡಿದೆ, ಬೆಳಿಗ್ಗೆ ಹಚ್ಚಿ ತೊಳೆದು ಕೆಲಸಕ್ಕೆ ಹೋಗುತ್ತಿದ್ದೆ. ಮೂರನೇ ದಿನದಿಂದ ಉರಿ. ಈಗ ಬಲಗೈ ಮೇಲೆ, ರಸ ಮಣಿಕಟ್ಟಿನಿಂದ ಮೊಣಕೈ ಕಡೆ ಇಳಿದಿತ್ತಲ್ಲ, ಅದೇ ದಾರಿಯಲ್ಲಿ ಗೆರೆ ಗೆರೆಯಾಗಿ ಕೆಂಪಾಗಿದೆ, ಒಂದು ಕಡೆ ಸಣ್ಣ ಗುಳ್ಳೆಯೂ ಎದ್ದಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದೇ ಎಣ್ಣೆಗೆಂಪು ಬಣ್ಣದವಳು. ಬೆಳ್ಳಗಾಗುವ ಆಸೆ ನನಗಿಲ್ಲ, ಅದನ್ನು ಯಾರೂ ಹೇಳಿಕೊಡುವುದು ಬೇಡ. ನನ್ನ ತೋಳಿನ ಬಣ್ಣವೇ ಮುಂಗೈಗೂ ವಾಪಸ್ ಬಂದರೆ ಸಾಕು. ಅದಕ್ಕೆ ಮನೆಯಲ್ಲಿರುವ ಸಾಮಾನಿನಿಂದ, ಉರಿಯದ ಹಾಗೆ ಏನು ಮಾಡಬಹುದು? ಎಷ್ಟು ದಿನ ಹಿಡಿಯುತ್ತೆ? ಪಾರ್ಲರ್‌ಗೆ ಹೋಗಿ ಬ್ಲೀಚ್ ಮಾಡಿಸು ಅಂತ ಗೆಳತಿ ಹೇಳುತ್ತಾಳೆ, ನನಗೆ ಭಯ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಬಳ್ಳಾರಿ ಪಾರ್ಲರ್ ಅಕ್ಕ

ತಂಗಿ, ಮೊದಲು ಆ ನಿಂಬೆಹಣ್ಣು, ಸಕ್ಕರೆ ಎರಡನ್ನೂ ಅಡುಗೆ ಮನೆಗೆ ವಾಪಸ್ ಇಡು. ಬಳ್ಳಾರಿಯಲ್ಲಿ 14 ವರ್ಷದಿಂದ ಪಾರ್ಲರ್ ನಡೆಸುತ್ತಿದ್ದೇನೆ. ಪ್ರತಿ ಬೇಸಿಗೆಯಲ್ಲಿ ನಿನ್ನ ಹಾಗೇ ತಿಕ್ಕಿಕೊಂಡು ಸುಟ್ಟುಕೊಂಡ ಮಕ್ಕಳು ನನ್ನ ಕುರ್ಚಿ ಮೇಲೆ ಬಂದು ಕೂರುತ್ತಾರೆ. ಬ್ಲೀಚ್ ಮಾಡಿ ದುಡ್ಡು ತಗೊಂಡು ಕಳಿಸಬಹುದು, ನಾನು ಕಳಿಸಲ್ಲ. ಉರಿಯುವ ಚರ್ಮದ ಮೇಲೆ ಬ್ಲೀಚ್ ಹಾಕಿದರೆ ಇನ್ನೂ ಸುಡುತ್ತದೆ.

ಈಗ ಗುಳ್ಳೆ ಇರುವ ಕೈಗೆ ಒಂದು ವಾರ ಏನೂ ಮಾಡಬೇಡ. ತಣ್ಣೀರಿನ ಬಟ್ಟೆ ಇಡು, ಗುಳ್ಳೆ ಒಡೆಯಬೇಡ, ಆ ಕೈಯನ್ನು ಬಿಸಿಲಿಗೆ ತೋರಿಸಲೇಬೇಡ. ಉರಿ ಜಾಸ್ತಿಯಾದರೆ, ಗುಳ್ಳೆ ದೊಡ್ಡದಾದರೆ ಡಾಕ್ಟರ್ ಹತ್ತಿರ ಹೋಗು. ಉಳಿದ ಕಡೆಗೆ ನಾನು ನನ್ನ ಮಗಳಿಗೇ ಮಾಡುವುದನ್ನು ಹೇಳುತ್ತೇನೆ.

ಕಡ್ಲೆಹಿಟ್ಟು ಎರಡು ಚಮಚ, ಸಣ್ಣ ಜರಡಿಯಲ್ಲಿ ಒಮ್ಮೆ ಸೋಸಿಕೋ, ಯಾಕಂದರೆ ತರಿ ಇದ್ದರೆ ಅದೇ ಗೀರುತ್ತದೆ. ಅದಕ್ಕೆ ಮೂರು ಚಮಚ ಮೊಸರು. ಮೊಸರು ಅವತ್ತಿನದೇ ಇರಲಿ, ಮೂರು ದಿನದ ಹುಳಿ ಮೊಸರು ಬೇಡ. ಅರಿಶಿನ ಚಿಟಿಕೆ ಅಂದರೆ ಚಿಟಿಕೆಯೇ, ಬೆರಳ ತುದಿಗೆ ಅಂಟುವಷ್ಟು. ಅಂಗಡಿಯ ಹಳದಿ ಪುಡಿ ಮೇಲೆ ನಂಬಿಕೆ ಇಲ್ಲದಿದ್ದರೆ ಬಿಟ್ಟೇಬಿಡು, ಅದಿಲ್ಲದೆಯೂ ನಡೆಯುತ್ತೆ. ಬಜ್ಜಿ ಹಿಟ್ಟಿಗಿಂತ ಸ್ವಲ್ಪ ತೆಳ್ಳಗೆ ಕಲಸಿಕೋ. ಮೊದಲ ಸಲ ಮುಖಕ್ಕೆ ಹಚ್ಚಬೇಡ. ಮೊಣಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಹಚ್ಚಿ, ತೊಳೆದು, ಮರುದಿನದವರೆಗೆ ಕಾಯಿ. ಕೆರೆತ, ಕೆಂಪು ಬರದಿದ್ದರೆ ಆಮೇಲೆ ಮುಖ, ಕೈ.

ಹತ್ತು ನಿಮಿಷ ಸಾಕು. ಎಲ್ಲರೂ ತಪ್ಪು ಮಾಡುವುದು ಇಲ್ಲೇ. ಪೂರ್ತಿ ಒಣಗಿ ಬಿರುಕು ಬಿಡುವ ತನಕ ಕೂತು, ಆಮೇಲೆ ಒಣಗಿದ್ದನ್ನು ಉದುರಿಸಿ ಉದುರಿಸಿ ತಿಕ್ಕುತ್ತಾರೆ. ನಮ್ಮ ಊರಿನ ಒಣ ಗಾಳಿಗೆ ಫ್ಯಾನ್ ಕೆಳಗೆ ಕೂತರೆ ಏಳೇ ನಿಮಿಷಕ್ಕೆ ಒಣಗಿಬಿಡುತ್ತೆ, ಹುಷಾರು. ಇನ್ನೂ ಹಸಿ ಇರುವಾಗಲೇ ಒದ್ದೆ ಕೈಯಲ್ಲಿ ಮೆತ್ತಗೆ ಮಾಡಿ, ನೀರು ಸುರಿದು ತೊಳೆದುಬಿಡು. ಸೋಪು ಬೇಡ. ಮೈ ಒದ್ದೆ ಇರುವಾಗಲೇ ಕೈಕಾಲಿಗೆ ಕೊಬ್ಬರಿ ಎಣ್ಣೆ ನಾಲ್ಕು ಹನಿ ಸವರು. ಮುಖಕ್ಕೆ ಎಣ್ಣೆಯಿಂದ ಮೊಡವೆ ಬರುವ ಚರ್ಮವಾದರೆ ಯಾವುದಾದರೂ ಸಾದಾ ಮಾಯಿಶ್ಚರೈಸರ್. ವಾರಕ್ಕೆ ಎರಡೇ ಸಲ, ಸಂಜೆ ಹೊತ್ತು. ಮದುವೆ ಹತ್ತಿರ ಬಂತು ಅಂತ ದಿನಾ ಮಾಡಿದರೆ ಚರ್ಮ ಒರಟಾಗಿ ಇನ್ನೂ ಕಪ್ಪಾಗಿ ಕಾಣುತ್ತೆ.

ಮುಲ್ತಾನಿ ಮಿಟ್ಟಿ ಅಂತ ಯಾರಾದರೂ ಹೇಳುತ್ತಾರೆ. ತುಂಬಾ ಎಣ್ಣೆ ಮುಖ ಇದ್ದವರಿಗೆ ಸರಿ. ಬೋರ್‌ವೆಲ್‌ನ ಸವಳು ನೀರಲ್ಲಿ ಸ್ನಾನ ಮಾಡಿ ಮೊದಲೇ ಬಿಳಿ ಬಿಳಿ ಒಡೆದ ಚರ್ಮಕ್ಕೆ ಅದು ಇನ್ನಷ್ಟು ಒಣ ಮಾಡುತ್ತೆ, ಏಪ್ರಿಲ್‌ನಲ್ಲಂತೂ ನಾನು ಮುಟ್ಟಲ್ಲ. ಲೋಳೆಸರ ಮನೆಯಲ್ಲಿದ್ದರೆ ಒಳ್ಳೆಯದು. ಆದರೆ ಎಲೆ ಕತ್ತರಿಸಿ ಹತ್ತು ಹದಿನೈದು ನಿಮಿಷ ನೇರ ನಿಲ್ಲಿಸು. ಕೆಳಗೆ ಹಳದಿ ರಸ ಸೋರುತ್ತೆ, ಅದು ಕೆರೆತ ತರುತ್ತದೆ. ಅದನ್ನು ತೊಳೆದು ಒಳಗಿನ ಲೋಳೆ ಮಾತ್ರ ಹಚ್ಚು. ಬಿಸಿಲಿಂದ ಬಂದ ಮೇಲೆ ತಂಪಾಗುತ್ತೆ.

ಗಂಗಾವತಿ ಗೃಹಿಣಿ

ನನ್ನದೊಂದು ಮಾತು. ನಮ್ಮ ಮನೆಯಲ್ಲಿ ನಿಂಬೆಹಣ್ಣಿನ ಸಿಪ್ಪೆ ಎಸೆಯುವುದೇ ಇಲ್ಲ. ಸಾರಿಗೆ ಹಿಂಡಿದ ಮೇಲೆ ಮೊಣಕೈಗೆ ತಿಕ್ಕಿಕೊಳ್ಳುತ್ತೇವೆ, ನಮ್ಮ ಅಜ್ಜಿ ಕಾಲದಿಂದ ಇದೆ. ಯಾರಿಗೂ ಏನೂ ಆಗಿಲ್ಲ. ಸಕ್ಕರೆ ಹಾಕಿದ್ದಕ್ಕೇ ಉರಿದಿರಬೇಕು. ಟೊಮೆಟೊ, ಆಲೂಗಡ್ಡೆ ಹೋಳು ತಿಕ್ಕಿದರೂ ಕಪ್ಪು ಹೋಗುತ್ತೆ, ಮಾಡಿ ನೋಡಿ.

ರಾಯಚೂರು ಮೆಡಿಕಲ್

ಅಕ್ಕಾ, ನಿಮ್ಮ ಅಜ್ಜಿ ಹಚ್ಚಿಕೊಂಡು ನೆರಳಲ್ಲಿ ಅಡುಗೆ ಮಾಡಿಕೊಂಡು ಇದ್ದಿರಬಹುದು. ಈ ತಂಗಿ ಹಚ್ಚಿಕೊಂಡು ಸ್ಕೂಟಿ ಹತ್ತಿದ್ದಾಳೆ. ಅಲ್ಲೇ ಇರುವುದು ವ್ಯತ್ಯಾಸ. ನಾನು ಬಿ.ಫಾರ್ಮಾ ಓದಿ ರಾಯಚೂರಿನಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ, ಗೊತ್ತಿದ್ದಷ್ಟು ಹೇಳುತ್ತೇನೆ.

ನಿಂಬೆರಸದಲ್ಲಿ ಎರಡು ತೊಂದರೆ ಇವೆ. ಒಂದು, ಅದರ ಹುಳಿ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ ನಿಂಬೆರಸ ಸುಮಾರು 2, ನಮ್ಮ ಚರ್ಮ 5ರ ಆಸುಪಾಸು. ಈ ಲೆಕ್ಕದಲ್ಲಿ ಒಂದೊಂದು ಅಂಕಿ ಇಳಿದರೂ ಹುಳಿ ಹತ್ತು ಪಟ್ಟು ಏರುತ್ತದೆ, ಹಾಗಾಗಿ 5ಕ್ಕೂ 2ಕ್ಕೂ ಸಾವಿರ ಪಟ್ಟು. ಸಕ್ಕರೆಯಿಂದ ಗೀರಿದ ಚರ್ಮದ ಮೇಲೆ ಅದು ಬಿದ್ದರೆ ಉರಿಯದೇ ಇರುತ್ತಾ? ಎರಡನೆಯದು ಇದಕ್ಕಿಂತ ಮುಖ್ಯ. ನಮ್ಮ ಸಣ್ಣ ನಿಂಬೆಹಣ್ಣಿನಲ್ಲಿ, ಅದರಲ್ಲೂ ಸಿಪ್ಪೆಯ ಎಣ್ಣೆಯಲ್ಲಿ, ಸೊರಾಲೆನ್ ಜಾತಿಯ ವಸ್ತುಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ನೇರಳಾತೀತ ಕಿರಣ ಬಿದ್ದರೆ ಸುಟ್ಟ ಗಾಯದಂಥದ್ದು ಆಗುತ್ತದೆ. ತಕ್ಷಣ ಗೊತ್ತಾಗಲ್ಲ, ಒಂದೆರಡು ದಿನ ಬಿಟ್ಟು ಕೆಂಪಾಗಿ, ಗುಳ್ಳೆ ಎದ್ದು, ಆಮೇಲೆ ಕಂದು ಕಲೆಯಾಗಿ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ರಸ ಹರಿದ ದಾರಿಯಲ್ಲೇ ಗೆರೆ ಬಂದಿದೆ ಅಂತ ತಂಗಿ ಬರೆದಿದ್ದು ಓದಿದ ಕೂಡಲೇ ನನಗೆ ಇದೇ ಇರಬೇಕು ಅನ್ನಿಸಿತು. ಗುಳ್ಳೆ ಇದೆ ಅಂದ ಮೇಲೆ ಒಮ್ಮೆ ಡಾಕ್ಟರಿಗೆ ತೋರಿಸಿಬಿಡುವುದು ಒಳ್ಳೆಯದು. ನಿಂಬೆ ಹಚ್ಚಿ ಕಪ್ಪು ಕಳೆಯಲು ಹೋದರೆ ಕೊನೆಗೆ ಹೊಸ ಕಪ್ಪೇ ಬರುತ್ತದೆ.

ಅಡುಗೆ ಸೋಡಾ ಕೂಡ ಬೇಡ. ಅದು ಚರ್ಮಕ್ಕೆ ಬೇಕಾದ ಸಣ್ಣ ಹುಳಿತನವನ್ನೇ ತೆಗೆದುಹಾಕುತ್ತೆ. ಟೂತ್‌ಪೇಸ್ಟ್ ಹಚ್ಚುವವರೂ ಇದ್ದಾರೆ, ಅದಂತೂ ಕೇಳಲೇಬೇಡಿ. ಆಲೂಗಡ್ಡೆ ಹೋಳಿನಿಂದ ತಂಪಾಗುತ್ತೆ, ಅಷ್ಟೇ. ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲ ತುಂಬಾ ಸೌಮ್ಯ, ಮೇಲಿನ ಸತ್ತ ಪದರ ಸ್ವಲ್ಪ ಸಡಿಲ ಮಾಡುತ್ತೆ, ಹಾಗಾಗಿ ಪಾರ್ಲರ್ ಅಕ್ಕ ಹೇಳಿದ್ದು ಸರಿ. ಅತಿಮಧುರದ ಬೇರಿನಲ್ಲೂ ಗ್ಲಾಬ್ರಿಡಿನ್ ಅಂತ ಒಂದು ವಸ್ತು ಇದೆ, ಅದಕ್ಕೆ ಮೆಲನಿನ್, ಅಂದರೆ ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ವಸ್ತುವಿನ, ತಯಾರಿಕೆ ತಗ್ಗಿಸುವ ಗುಣ ಇದೆ. ಗ್ರಂಧಿಗೆ ಅಂಗಡಿಯ ನಯವಾದ ಪುಡಿ ಅರ್ಧ ಚಮಚ ಮೊಸರಿಗೆ ಸೇರಿಸಬಹುದು. ಆದರೆ ಪವಾಡ ಆಗುತ್ತೆ ಅಂತ ಕಾಯಬೇಡಿ.

ಯಾಕೆ ಆಗಲ್ಲ ಅಂದರೆ, ಟ್ಯಾನ್ ಅನ್ನುವುದು ಮೇಲೆ ಕೂತ ಕೊಳೆ ಅಲ್ಲ. ಬಿಸಿಲು ಬಿದ್ದಾಗ ಚರ್ಮ ತನ್ನ ಒಳಗಿನ ಜೀವಕೋಶ ಕಾಪಾಡಿಕೊಳ್ಳಲು ಮೆಲನಿನ್ ತಯಾರಿಸಿ ಕೊಡೆ ಹಿಡಿಯುತ್ತದೆ. ಆ ಬಣ್ಣ ಪದರದ ಒಳಗಿರುತ್ತೆ. ತಿಕ್ಕಿದರೆ ಹೋಗಲ್ಲ, ಚರ್ಮ ತಾನೇ ಕೆಳಗಿನಿಂದ ಹೊಸದಾಗಿ ಬೆಳೆದು ಹಳೆಯದು ಉದುರಬೇಕು. ಅದಕ್ಕೆ 4ರಿಂದ 6 ವಾರ ಬೇಕು, ವಯಸ್ಸಾದಂತೆ ಇನ್ನೂ ನಿಧಾನ. ಅಷ್ಟರಲ್ಲಿ ದಿನಾ ಹೊಸ ಬಿಸಿಲು ಬೀಳುತ್ತಿದ್ದರೆ ಹಳೆಯದು ಹೋದ ಹಾಗೆ ಹೊಸದು ಸೇರುತ್ತಲೇ ಇರುತ್ತೆ. ಹಾಗಾಗಿ ತಂಗಿ, ನಿನ್ನ ಪ್ರಶ್ನೆಗೆ ಅರ್ಧಕ್ಕಿಂತ ಜಾಸ್ತಿ ಉತ್ತರ ಕಡ್ಲೆಹಿಟ್ಟಿನಲ್ಲಿಲ್ಲ, 9ರಿಂದ 3ರವರೆಗಿನ ಆ ಸ್ಕೂಟಿ ಮೇಲಿದೆ.

ಸನ್‌ಸ್ಕ್ರೀನ್ ತಗೋ. ಡಬ್ಬಿ ಮೇಲೆ ಎಸ್‌ಪಿಎಫ್ 30 ಅಥವಾ 50 ಅಂತ ಇರಲಿ, ಪಕ್ಕದಲ್ಲಿ ಪಿಎ ಅಂತ ಬರೆದು ಮೂರು ನಾಲ್ಕು ಪ್ಲಸ್ ಗುರುತು ಇರಲಿ. 30 ಇದ್ದದ್ದು ಸುಡುವ ಕಿರಣದಲ್ಲಿ ನೂರಕ್ಕೆ ಸುಮಾರು 97 ಭಾಗ ತಡೆಯುತ್ತೆ, 50 ಇದ್ದದ್ದು 98. ಹಾಗಾಗಿ 50ಕ್ಕಾಗಿ ದುಪ್ಪಟ್ಟು ದುಡ್ಡು ಕೊಡುವುದು ಬೇಡ. ಆದರೆ ಪಿಎ ಬಿಡಬೇಡ, ಆಳಕ್ಕೆ ಇಳಿದು ಕಪ್ಪು ಮಾಡುವ ಕಿರಣ ಬೇರೆ, ಅದನ್ನು ತಡೆಯುವ ಗುರುತು ಅದು. ಆ ಕಿರಣ ಮೋಡದಲ್ಲೂ, ಬಸ್ಸಿನ ಕಿಟಕಿ ಗಾಜಿನಲ್ಲೂ ಬರುತ್ತೆ. ತೋರುಬೆರಳು, ಮಧ್ಯದ ಬೆರಳು ಎರಡರ ಉದ್ದಕ್ಕೂ ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಸರಿಯಾದ ಅಳತೆ. ಹೊರಡುವ 15 ನಿಮಿಷ ಮೊದಲು, ಆಮೇಲೆ ಎರಡು ತಾಸಿಗೊಮ್ಮೆ ಮತ್ತೆ. ನಮ್ಮ ಅಂಗಡಿಗೆ ಬರುವವರು 50 ಗ್ರಾಂ ಟ್ಯೂಬ್ ಮೂರು ತಿಂಗಳು ಬಂತು ಅಂತ ಖುಷಿಪಡುತ್ತಾರೆ. ಮುಖ, ಕುತ್ತಿಗೆಗಷ್ಟೇ ದಿನಕ್ಕೆ ಎರಡು ಸಲ ಸರಿಯಾಗಿ ಹಚ್ಚಿದರೂ ಅದು ಒಂದು ತಿಂಗಳು ಬರಲ್ಲ. ಇಷ್ಟು ಖರ್ಚು ಕೈಕಾಲಿಗೂ ಮಾಡುವುದು ಕಷ್ಟ, ಅವಕ್ಕೆ ಬಟ್ಟೆಯೇ ಮೇಲು.

ಸಿರುಗುಪ್ಪ ಭತ್ತದ ಗದ್ದೆ

ಬಟ್ಟೆ ವಿಷಯ ಬಂತು ಅಂತ ಬರೆಯುತ್ತಿದ್ದೇನೆ. ನಾನು ರೈತ, 41 ವರ್ಷ, ಇಂಥ ಕಡೆ ಗಂಡಸರು ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನಮ್ಮ ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಬರುವ ಹೆಂಗಸರನ್ನು ನೋಡಿ ತಂಗಿ. ಸೀರೆ ಮೇಲೆ ಗಂಡಸರ ಹಳೆ ಫುಲ್ ತೋಳಿನ ಅಂಗಿ ಹಾಕಿ ಗುಂಡಿ ಹಾಕಿಕೊಂಡಿರುತ್ತಾರೆ, ತಲೆಗೆ ಟವೆಲ್. ಅವರು ಬಿಸಿಲಲ್ಲಿ ಎಂಟು ತಾಸು ಇರುತ್ತಾರೆ, ಅಂಗಿ ಮಡಚಿದರೆ ಒಳಗೆ ಕೈ ಹಾಗೇ ಇರುತ್ತೆ. ನಿಮ್ಮ ಅಪ್ಪನ ಹಳೆ ಅಂಗಿ ಒಂದು ಕುರ್ತಾ ಮೇಲೆ ಹಾಕಿಕೊಳ್ಳಿ, ಪೈಸೆ ಖರ್ಚಿಲ್ಲ. ತೋಳು ಬೆರಳ ಬುಡದವರೆಗೆ ಬರುವಂಥದ್ದು ಇರಲಿ.

ನನ್ನ ಪ್ರಶ್ನೆ. ನನ್ನ ಕುತ್ತಿಗೆ ಹಿಂದೆ ಎರಡು ಮೂರು ವರ್ಷದಿಂದ ಕರ್ರಗೆ ಆಗಿದೆ. ಬರಿ ಬಣ್ಣ ಅಲ್ಲ, ಮುಟ್ಟಿದರೆ ದಪ್ಪ, ಮಖಮಲ್ ಬಟ್ಟೆ ಮುಟ್ಟಿದ ಹಾಗೆ. ಬಗ್ಗಿ ಕೆಲಸ ಮಾಡುವಾಗ ಬಿಸಿಲು ಅಲ್ಲೇ ಬೀಳುತ್ತಲ್ಲ, ಅದಕ್ಕೇ ಅಂದುಕೊಂಡಿದ್ದೆ. ನಮ್ಮ ಮನೆಯವಳು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಸಾಕಾದಳು, ಹೋಗಲ್ಲ. ಕಂಕುಳಲ್ಲೂ ಹಾಗೇ ಇದೆ. ಅವಳಿಗೂ ಎರಡು ಕೆನ್ನೆ ಮೇಲೆ ಒಂದೇ ಆಕಾರದ ಕಂದು ಕಲೆ ಇದೆ, ಚಿಕ್ಕ ಮಗ ಹುಟ್ಟಿದಾಗಿನಿಂದ. ಇಬ್ಬರೂ ಕಡ್ಲೆಹಿಟ್ಟು ಹಚ್ಚಬಹುದಾ?

ರಾಯಚೂರು ಮೆಡಿಕಲ್

ಅಣ್ಣಾ, ಒಳ್ಳೆಯ ಪ್ರಶ್ನೆ ಕೇಳಿದ್ದೀರಿ, ದಯವಿಟ್ಟು ಇದನ್ನು ತಳ್ಳಿಹಾಕಬೇಡಿ. ಕಂಕುಳಿಗೆ ಬಿಸಿಲು ಬೀಳಲ್ಲ. ಅಲ್ಲೂ ಕುತ್ತಿಗೆಯ ಹಾಗೇ ಕರ್ರಗೆ, ದಪ್ಪಗೆ ಆಗಿದೆ ಅಂದರೆ ಅದು ಬಿಸಿಲಿನ ಕೆಲಸ ಅಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಇದ್ದಾಗ ಹೀಗೆ ಆಗುವುದು ಸಾಮಾನ್ಯ, ಸಕ್ಕರೆ ಕಾಯಿಲೆ ಬರುವ ಮೊದಲೇ ಕೆಲವರಿಗೆ ಕಾಣಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ, ಈ ವಾರವೇ. ಸಿರುಗುಪ್ಪದ ಸರ್ಕಾರಿ ಆಸ್ಪತ್ರೆಯಲ್ಲೇ ಆಗುತ್ತೆ. ತೆಂಗಿನ ನಾರು ಇವತ್ತೇ ಬಿಡಿ, ತಿಕ್ಕಿದಷ್ಟೂ ಚರ್ಮ ದಪ್ಪವಾಗುತ್ತದೆ.

ವೈನಿಯವರದು ಬಂಗು ಇರಬಹುದು. ಬಸುರಿ, ಬಾಣಂತಿ ಸಮಯದಲ್ಲಿ, ಗರ್ಭನಿರೋಧಕ ಮಾತ್ರೆ ತಗೊಳ್ಳುವಾಗ ಶುರುವಾಗುತ್ತೆ, ಬಿಸಿಲು ಬಿದ್ದರೆ ಜಾಸ್ತಿಯಾಗುತ್ತೆ. ಒಲೆಯ ಝಳವೂ ಅದಕ್ಕೆ ಆಗಿಬರಲ್ಲ. ಕಡ್ಲೆಹಿಟ್ಟಿನಿಂದ ಬಂಗು ಹೋಗಲ್ಲ, ತಿಕ್ಕಿದರೆ ಕೆರಳುತ್ತದೆ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಚರ್ಮರೋಗದ ವಿಭಾಗ ಇದೆ, ಅಲ್ಲಿ ತೋರಿಸಿ. ಅಂಗಡಿಗೆ ಹೋಗಿ "ಬಂಗಿಗೆ ಒಂದು ಕ್ರೀಮ್ ಕೊಡಿ" ಅಂತ ಮಾತ್ರ ಕೇಳಬೇಡಿ. ಅಂಗಡಿಯಲ್ಲಿ ಕೆಲಸ ಮಾಡುವವನೇ ಇದನ್ನು ಹೇಳುತ್ತಿದ್ದೇನೆ.

ಇನ್ನೊಂದು ಅಣ್ಣಾ, ತಂಪಿಗೆ ಅಂತ ಟವೆಲ್ ಒದ್ದೆ ಮಾಡಿ ಹಾಕಿಕೊಳ್ಳುತ್ತೀರಲ್ಲ. ತೆಳು ಬಿಳಿ ಹತ್ತಿ ಬಟ್ಟೆ ಒದ್ದೆಯಾದರೆ ಕಿರಣ ಇನ್ನೂ ಸಲೀಸಾಗಿ ಒಳಗೆ ಬರುತ್ತೆ. ಎರಡು ಮಡಿಕೆ ಮಾಡಿ ಹಾಕಿಕೊಳ್ಳಿ, ಒತ್ತಾದ ನೇಯ್ಗೆಯ ಗಾಢ ಬಣ್ಣದ್ದು ಇದ್ದರೆ ಇನ್ನೂ ಒಳ್ಳೆಯದು.

ಕೊಪ್ಪಳ ಟೀಚರ್

ಅಂಗಡಿಯಲ್ಲಿ ಕ್ರೀಮ್ ಕೇಳಬೇಡಿ ಅಂದ ಆ ಮಾತು ಓದಿ ನನ್ನ ಕೈ ನಡುಗಿತು. ನನ್ನದನ್ನು ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ನಾಲ್ಕು ವರ್ಷದ ಹಿಂದೆ ಬೇಸಿಗೆಯಲ್ಲಿ ಮನೆ ಮನೆ ಸಮೀಕ್ಷೆಗೆ ಹೋಗಿ ಮುಖ ಕಪ್ಪಾಗಿತ್ತು. ಒಂದು ಔಷಧಿ ಅಂಗಡಿಯಲ್ಲಿ ಕೇಳಿದೆ. ಸಣ್ಣ ಟ್ಯೂಬ್ ಕೊಟ್ಟರು, ಚೀಟಿ ಕೇಳಲಿಲ್ಲ. ಎಂಟೇ ದಿನಕ್ಕೆ ಮುಖ ಗಾಜಿನ ಹಾಗೆ ಹೊಳೆಯಿತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಏನು ಹಚ್ಚುತ್ತೀರಿ ಅಂತ ಕೇಳಿದರು, ನಾನು ಇಬ್ಬರಿಗೆ ಹೆಸರು ಬರೆದುಕೊಟ್ಟೆ. ಆ ಇಬ್ಬರ ವಿಷಯದಲ್ಲಿ ಇವತ್ತಿಗೂ ನನಗೆ ಸಂಕಟ ಇದೆ. ಏಳು ತಿಂಗಳು ಹಚ್ಚಿದೆ. ಬಿಟ್ಟರೆ ಎರಡನೇ ದಿನಕ್ಕೆ ಮುಖ ಕೆಂಡದ ಹಾಗೆ ಉರಿಯುತ್ತಿತ್ತು, ಹಚ್ಚಿದರೆ ಶಾಂತ. ಹಾಗಾಗಿ ಮತ್ತೆ ಹಚ್ಚುವುದು. ಆಮೇಲೆ ಕೆನ್ನೆ ಮೇಲೆ ಕೂದಲು ಬಂತು, ಸಣ್ಣ ಕೆಂಪು ನರ ಕಾಣಿಸತೊಡಗಿದವು, ಬಿಸಿಲಿಗೆ ಐದು ನಿಮಿಷ ನಿಲ್ಲಲು ಆಗುತ್ತಿರಲಿಲ್ಲ. ಬೆಳಗಿನ ಪ್ರಾರ್ಥನೆಗೆ ಅಂಗಳದಲ್ಲಿ ನಿಂತರೆ ಕಣ್ಣಲ್ಲಿ ನೀರು.

ಚರ್ಮದ ಡಾಕ್ಟರ್ ಟ್ಯೂಬ್ ನೋಡಿದ ಕೂಡಲೇ ಹೇಳಿದರು, ಇದರಲ್ಲಿ ಸ್ಟಿರಾಯ್ಡ್ ಇದೆ, ಜೊತೆಗೆ ಹೈಡ್ರೊಕ್ವಿನೋನ್, ಟ್ರೆಟಿನೊಯಿನ್. ಡಾಕ್ಟರ್ ಹೇಳಿದಷ್ಟೇ ದಿನ, ಅವರ ಕಣ್ಣ ಮುಂದೆ ಹಚ್ಚುವ ಔಷಧಿಯಂತೆ, ಮುಖಕ್ಕೆ ದಿನಾ ಸವರುವ ಕ್ರೀಮ್ ಅಲ್ಲ. ಸರಿಯಾಗಲು ಒಂದೂವರೆ ವರ್ಷ ಹಿಡಿಯಿತು. ಟ್ಯೂಬಿನ ಹಿಂದೆ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸೋಲ್ ಅಂತ ಸ್ಟಿರಾಯ್ಡ್‌ಗಳ ಹೆಸರು ಸಣ್ಣ ಅಕ್ಷರದಲ್ಲಿ ಇದ್ದರೆ ಟ್ಯಾನ್‌ಗೆ ಅಂತ ಹಚ್ಚಬೇಡಿ. ತಿಂಗಳುಗಟ್ಟಲೆ ಹಚ್ಚುತ್ತಿರುವವರು ನನ್ನ ಹಾಗೆ ಒಬ್ಬರೇ ಒದ್ದಾಡಬೇಡಿ, ಬಿಡುವುದು ಹೇಗೆ ಅಂತ ಡಾಕ್ಟರನ್ನೇ ಕೇಳಿ.

ಈಗ ನನ್ನ ಮುಖಕ್ಕೆ ಸಾದಾ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಕೊಡೆ. ಅಷ್ಟೇ. ಮೊಸರು ಕೂಡ ಹಚ್ಚಲ್ಲ. ಎಣ್ಣೆಗೆಂಪು ಬಣ್ಣದವಳು ಅಂತ ಬರೆದಿದ್ದೀಯಲ್ಲ ತಂಗಿ, ಆ ಸಾಲು ಓದಿ ನನಗೆ ತುಂಬಾ ಸಮಾಧಾನ ಆಯಿತು. ಆ ಮಾತು ನನಗೆ ಅವತ್ತು ಯಾರಾದರೂ ಹೇಳಿದ್ದರೆ ಅನ್ನಿಸಿತು.

ಸಿಂಧನೂರು ಸ್ಕೂಟಿ

ಟೀಚರ್, ನೀವು ಬರೆದದ್ದನ್ನು ಅಮ್ಮನಿಗೂ ಅಕ್ಕನಿಗೂ ಓದಿ ಹೇಳಿದೆ. ಅಕ್ಕನ ಬ್ಯಾಗಿನಲ್ಲಿ ಅಂಥದ್ದೇ ಒಂದು ಟ್ಯೂಬ್ ಇತ್ತು! ಮದುವೆಗೆ ಅಂತ ಹೊಸದಾಗಿ ತಂದಿದ್ದಳು, ಎರಡೇ ದಿನ ಹಚ್ಚಿದ್ದಳು. ಎತ್ತಿಟ್ಟಿದ್ದಾಳೆ. ಕೈಯನ್ನು ಇಲ್ಲಿನ ಡಾಕ್ಟರಿಗೆ ತೋರಿಸಿದೆ, ನಿಂಬೆರಸ ಮತ್ತು ಬಿಸಿಲು ಸೇರಿ ಆಗಿದ್ದು ಅಂತಲೇ ಹೇಳಿದರು, ಐದು ದಿನಕ್ಕೆ ಒಂದು ಮುಲಾಮು ಕೊಟ್ಟಿದ್ದಾರೆ.

ಪಾರ್ಲರ್ ಅಕ್ಕಾ, ಮದುವೆಯಲ್ಲಿ ಅರಿಶಿನ ಹಚ್ಚುವ ಶಾಸ್ತ್ರ ಇರುತ್ತಲ್ಲ, ಅವತ್ತು ಎಲ್ಲರೂ ಕೈ ತುಂಬಾ ಅರಿಶಿನ ತಂದು ಮುಖಕ್ಕೆ ಬಳಿಯುತ್ತಾರೆ. ಅದರಿಂದ ಏನಾದರೂ ಆಗುತ್ತಾ?

ಬಳ್ಳಾರಿ ಪಾರ್ಲರ್ ಅಕ್ಕ

ಕೆಲವರಿಗೆ ಆಗುತ್ತೆ. ಅರಿಶಿನ ಬೆರೆಸುವವರು ನಿಮ್ಮ ಮನೆಯವರೇ ಆಗಿರಲಿ. ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿಸಿ, ಹಾಲಿನ ಕೆನೆ ಅಥವಾ ಎಣ್ಣೆಯಲ್ಲಿ ತೆಳ್ಳಗೆ ಕಲಸಿ. ಅದಕ್ಕೆ ನಿಂಬೆರಸ ಹಿಂಡುವ ಹಿರಿಯರು ಇರುತ್ತಾರೆ, ಮೆತ್ತಗೆ ತಡೆಯಿರಿ. ಶಾಸ್ತ್ರದ ಹಿಂದಿನ ಎರಡು ದಿನ ಅಕ್ಕನಿಗೆ ಬ್ಲೀಚು, ಫೇಶಿಯಲ್, ವ್ಯಾಕ್ಸಿಂಗ್ ಏನೂ ಬೇಡ. ವ್ಯಾಕ್ಸ್ ಮಾಡಿದ ಚರ್ಮದ ಮೇಲೆ ಅರಿಶಿನ ಬಿದ್ದು ಮದುಮಗಳು ರಾತ್ರಿಯೆಲ್ಲ ಉರಿಯಿಂದ ಅತ್ತಿದ್ದನ್ನು ನೋಡಿದ್ದೇನೆ. ಶಾಸ್ತ್ರ ಬಯಲಲ್ಲಿ ಮಾಡುವುದಾದರೆ ಚಪ್ಪರದ ನೆರಳಲ್ಲಿ ಕೂರಿಸಿ.

ಸಿಂಧನೂರು ಸ್ಕೂಟಿ

ಮದುವೆ ಮುಗಿಯಿತು, ನಿನ್ನೆ ಎಲ್ಲ ನೆಂಟರೂ ಹೋದರು. ಏನಾಯಿತು ಅಂತ ಹೇಳದೆ ಸುಮ್ನೆ ಇರಬಾರದು ಅಂತ ಬರೆಯುತ್ತಿದ್ದೇನೆ.

ಸಿರುಗುಪ್ಪದ ಅಣ್ಣ ಹೇಳಿದ ಹಾಗೆ ಅಪ್ಪನ ನೀಲಿ ಫುಲ್ ಅಂಗಿ ಹಾಕಿಕೊಂಡೇ ಓಡಾಡಿದೆ. ಸಂಘದ ಹೆಂಗಸರು ಮೊದಲ ದಿನ ಗುರುತೇ ಹಿಡಿಯಲಿಲ್ಲ. ಸಾಹೇಬರನ್ನು ಕೇಳಿ ಹೊರಡುವ ಹೊತ್ತನ್ನು 7 ಗಂಟೆಗೆ ಮಾಡಿಕೊಂಡೆ, ಈಗ ಬಹಳ ದಿನ 12ರೊಳಗೆ ಮುಗಿಯುತ್ತೆ. ನಿಜ ಹೇಳಬೇಕೆಂದರೆ ಹೆಂಗಸರಿಗೂ ಅದೇ ಅನುಕೂಲ ಆಯಿತು, ಉದ್ಯೋಗ ಖಾತ್ರಿ ಕೆಲಸಕ್ಕೆ ಹೊರಡುವ ಮೊದಲೇ ಸಿಗುತ್ತಾರೆ. ನನ್ನ ನೆರಳು ನನಗಿಂತ ಗಿಡ್ಡ ಆಗಿದೆಯಾ ಅಂತ ನೋಡಿಕೊಳ್ಳುವ ಅಭ್ಯಾಸ ಆಗಿದೆ. ಗಿಡ್ಡ ಆದರೆ ಬಿಸಿಲು ಕೆಟ್ಟದ್ದು ಅಂತ, ಎಲ್ಲೋ ಓದಿದ್ದೆ.

ಕಡ್ಲೆಹಿಟ್ಟು, ಮೊಸರು ವಾರಕ್ಕೆ ಎರಡು ಸಲ ಹಚ್ಚಿದೆ, ಅರಿಶಿನ ಬಿಟ್ಟೆ. ಮೂರು ವಾರ ಏನೂ ಬದಲಾದ ಹಾಗೆ ಕಾಣಲಿಲ್ಲ, ಬಿಟ್ಟುಬಿಡೋಣ ಅನ್ನಿಸಿತ್ತು. ನಾಲ್ಕನೇ ವಾರ ಗಡಿಯಾರ ತೆಗೆದಾಗ ಪಟ್ಟಿ ಮಸುಕಾಗಿತ್ತು, ಆಗ ನಂಬಿಕೆ ಬಂತು. ಮದುವೆ ಹೊತ್ತಿಗೆ ಹಣೆ, ಕೆನ್ನೆ ಹತ್ತಿರ ಹತ್ತಿರ ಒಂದೇ ಬಣ್ಣ ಆಗಿತ್ತು. ಮುಂಗೈ ಇನ್ನೂ ಪೂರ್ತಿ ಆಗಿಲ್ಲ. ಬಲಗೈ ಮೇಲಿನ ನಿಂಬೆಯ ಗೆರೆಗಳು ಮಾತ್ರ ಕಂದು ಬಣ್ಣದಲ್ಲಿ ಹಾಗೇ ಇವೆ, ಬಳೆ ತುಂಬಾ ಹಾಕಿಕೊಂಡು ಮುಚ್ಚಿಕೊಂಡೆ. ಡಾಕ್ಟರ್ ಇನ್ನೂ ಎರಡು ಮೂರು ತಿಂಗಳು ಆಗಬಹುದು ಅಂದಿದ್ದಾರೆ. ಕಾಲಿನ ಚಪ್ಪಲಿ ಗುರುತೂ ಇದೆ, ನಾಳೆಯಿಂದ ಸಾಕ್ಸ್ ಹಾಕಿಕೊಳ್ಳುತ್ತೇನೆ.

ಸಿರುಗುಪ್ಪದ ಅಣ್ಣ, ನಿಮ್ಮ ಪರೀಕ್ಷೆ ಏನಾಯಿತು?

ಸಿರುಗುಪ್ಪ ಭತ್ತದ ಗದ್ದೆ

ಮಾಡಿಸಿದೆ ತಂಗಿ. ಖಾಲಿ ಹೊಟ್ಟೆಯಲ್ಲಿ 118 ಬಂತು. ಸಕ್ಕರೆ ಕಾಯಿಲೆ ಇನ್ನೂ ಅಲ್ಲ, ಆದರೆ ಅದರ ಹೊಸ್ತಿಲಲ್ಲಿ ಇದ್ದೀರಿ ಅಂದರು ಡಾಕ್ಟರ್. ಎರಡು ಹೊತ್ತು ಅನ್ನ ಉಣ್ಣುತ್ತಿದ್ದೆ, ಈಗ ರಾತ್ರಿ ಜೋಳದ ರೊಟ್ಟಿ ಒಂದೂವರೆ, ಪಲ್ಯ ಜಾಸ್ತಿ. ಚಹಾಕ್ಕೆ ಸಕ್ಕರೆ ಇಲ್ಲ, ಅದೇ ಕಷ್ಟ ಆಗಿರುವುದು. ತೂಕ 6 ಕೆಜಿ ಇಳಿಸಿ ಮೂರು ತಿಂಗಳಿಗೆ ಬನ್ನಿ, ಕುತ್ತಿಗೆಯ ಕಪ್ಪೂ ಆಗ ಕಡಿಮೆ ಆಗಬಹುದು ಅಂದಿದ್ದಾರೆ. ರಾಯಚೂರಿನ ತಮ್ಮನಿಗೆ ಎಷ್ಟು ಸಲ ನಮಸ್ಕಾರ ಹೇಳಿದರೂ ಕಡಿಮೆಯೇ. ನಮ್ಮ ಮನೆಯವಳನ್ನು ಬರುವ ಸೋಮವಾರ ಬಳ್ಳಾರಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಚರ್ಮದ ಡಾಕ್ಟರ್ ಹತ್ತಿರ. ತೆಂಗಿನ ನಾರನ್ನು ಪಾತ್ರೆ ತೊಳೆಯಲು ಕೊಟ್ಟಿದ್ದಾಳೆ.